ಉಂಗುರ ಸಿಕ್ಕಿಕೊಂಡಿದೆ ಅಂತ ಸ್ಪೆಕ್ಟ್ರಮ್ ನೋಡಿ ಹೇಳೋದು ಹೇಗೆ?

ಪ್ರಶ್ನೆ: ನಾನು ರಸಾಯನಶಾಸ್ತ್ರ ಎಂ.ಎಸ್ಸಿ ಕೊನೆಯ ವರ್ಷದಲ್ಲಿದ್ದೇನೆ. ಪ್ರಾಜೆಕ್ಟ್‌ಗಾಗಿ ಡೈಬೆಂಜೊ-24-ಕ್ರೌನ್-8 ಅನ್ನುವ ಉಂಗುರವನ್ನೂ ಡೈಬೆಂಜೈಲ್ ಅಮೋನಿಯಂ ಲವಣವನ್ನೂ ಅಸಿಟೊನೈಟ್ರೈಲ್‌ನಲ್ಲಿ ಬೆರೆಸಿದೆ. ಎನ್‌ಎಂಆರ್‌ನಲ್ಲಿ, ಅಂದರೆ ಪ್ರತಿ ಹೈಡ್ರೋಜನ್‌ನ ನೆರೆಹೊರೆ ತೋರಿಸುವ ಸ್ಪೆಕ್ಟ್ರಮ್‌ನಲ್ಲಿ, ಹೊಸ ಪೀಕ್‌ಗಳು ಬಂದವು. ಅಣುವಿನ ತೂಕ ಅಳೆಯುವ ಮಾಸ್ ಸ್ಪೆಕ್ಟ್ರಮ್‌ನಲ್ಲಿ 646ಕ್ಕೆ, ಅಂದರೆ ಎರಡೂ ಸೇರಿದ ತೂಕಕ್ಕೆ ಪೀಕ್ ಸಿಕ್ಕಿತು. ರೊಟಾಕ್ಸೇನ್, ಅಂದರೆ ದಾರದಂಥ ಅಣುವಿನ ಮೇಲೆ ಉಂಗುರ ಸಿಕ್ಕಿಕೊಂಡಿರುವ ಜೋಡಿ, ಆಯ್ತು ಅಂತ ಖುಷಿಪಟ್ಟೆ. ಗೈಡ್ ಮಾತ್ರ ಇದು ರೊಟಾಕ್ಸೇನ್ ಅಲ್ಲವೇ ಅಲ್ಲ ಅಂದರು. ಬಂಧವೇ ಇಲ್ಲದ ಎರಡು ಭಾಗಗಳು ಒಂದರೊಳಗೊಂದು ಸಿಕ್ಕಿಕೊಂಡಿವೆ ಅಂತ ಸ್ಪೆಕ್ಟ್ರೋಸ್ಕೋಪಿಯಿಂದ ಸಾಬೀತು ಮಾಡೋದು ಹೇಗೆ? ಉಂಗುರ ಓಡಾಡುತ್ತೆ ಅಂತಾರಲ್ಲ, ಅದನ್ನು ನೋಡೋದು ಹೇಗೆ?

ಉತ್ತರ: ನಿಮ್ಮ ಗೈಡ್ ಹೇಳಿದ್ದು ಸರಿ. ನೀವು ಖುಷಿಪಟ್ಟಿದ್ದರಲ್ಲೂ ತಪ್ಪಿಲ್ಲ. ಲವಣದ ಅಣು ಉಂಗುರದೊಳಗೆ ತೂರಿಕೊಂಡಿರುವುದು ನಿಜ. ಆದರೆ ಅದು ವಾಪಸ್ ಹೊರಗೂ ಬರುತ್ತಿದೆ. ಮಣಿ ಪೋಣಿಸಿದ್ದೀರಿ, ದಾರದ ತುದಿಗೆ ಗಂಟು ಹಾಕಿಲ್ಲ. ನಿಮ್ಮ ಲವಣದ ಎರಡೂ ತುದಿಯಲ್ಲಿರುವುದು ಬರೀ ಫಿನೈಲ್. ಕ್ರೌನ್ ಉಂಗುರದ ಈ ಅಳತೆಯಲ್ಲಿ ಫಿನೈಲ್ ಕಷ್ಟಪಟ್ಟಾದರೂ ನುಸುಳುತ್ತದೆ, ನುಸುಳಿದ ದಾರಿಯಲ್ಲೇ ಹಿಂದಕ್ಕೂ ಹೋಗುತ್ತದೆ. ಇದಕ್ಕೆ ಸ್ಯೂಡೊರೊಟಾಕ್ಸೇನ್ ಅಂತಾರೆ. ರೊಟಾಕ್ಸೇನ್ ಅನ್ನಬೇಕಾದರೆ ಎರಡೂ ತುದಿಗೆ ಉಂಗುರ ದಾಟಲಾರದಷ್ಟು ದಪ್ಪ ಗುಂಪು ಕೂರಬೇಕು. ಫಿನೈಲ್‌ನ 3 ಮತ್ತು 5ನೇ ಜಾಗದಲ್ಲಿ ಒಂದೊಂದು ಟರ್ಷರಿ ಬ್ಯುಟೈಲ್ ಇದ್ದರೆ ಸಾಕು, ನಿಮ್ಮ ಉಂಗುರ ಅದನ್ನು ದಾಟಲ್ಲ.

ಈಗ ದೊಡ್ಡ ಪ್ರಶ್ನೆಗೆ ಬರುತ್ತೇನೆ. ಸಿಕ್ಕಿಕೊಂಡಿರುವುದನ್ನೇ ನೇರವಾಗಿ ತೋರಿಸುವ ಸ್ಪೆಕ್ಟ್ರಮ್ ಯಾವುದೂ ಇಲ್ಲ. ಕಾರ್ಬೊನಿಲ್‌ಗೆ (ಇಂಗಾಲ-ಆಕ್ಸಿಜನ್ ಜೋಡಿಬಂಧಕ್ಕೆ) ಐಆರ್‌ನಲ್ಲಿ, ಅಂದರೆ ಬಂಧಗಳ ಕಂಪನ ತೋರಿಸುವ ಇನ್‌ಫ್ರಾರೆಡ್ ಸ್ಪೆಕ್ಟ್ರಮ್‌ನಲ್ಲಿ, 1700ರ ಸುತ್ತಮುತ್ತ ಒಂದು ಪೀಕ್ ಇದೆ ಅಲ್ವಾ, ಹಾಗೆ ಕೊಂಡಿಗೆ ಅಂತ ಒಂದು ಪೀಕ್ ಇಲ್ಲ. ಕಂಪಿಸೋದಕ್ಕೆ ಅಲ್ಲಿ ಹೊಸ ಬಂಧವೇ ಹುಟ್ಟಿಲ್ಲ. ಸ್ಪೆಕ್ಟ್ರಮ್ ತೋರಿಸುವುದು ನೆರೆಹೊರೆಯನ್ನು. ಈ ಪ್ರೋಟಾನಿನ ಪಕ್ಕದಲ್ಲಿ ಬೆಂಜೀನ್ ಉಂಗುರ ಇದೆಯೇ, ಈ ಕಾರ್ಬೊನಿಲ್‌ಗೆ ಹೈಡ್ರೋಜನ್ ಬಂಧ ಬಿದ್ದಿದೆಯೇ, ಇಷ್ಟು ಹೇಳುತ್ತದೆ. ಆದರೆ ಪಕ್ಕದಲ್ಲಿರುವುದು ಬೇರೆ, ಬಿಟ್ಟು ಹೋಗಲಾಗದೆ ಇರುವುದು ಬೇರೆ. ಮೊದಲನೆಯದನ್ನು ಒಂದು ಸ್ಪೆಕ್ಟ್ರಮ್‌ನಲ್ಲೇ ನೋಡಬಹುದು. ಎರಡನೆಯದಕ್ಕೆ, ಆ ಎರಡೂ ಭಾಗ ಬೇರೆಯಾಗಲು ಏನೇನು ಅವಕಾಶ ಬೇಕೋ ಎಲ್ಲ ಕೊಟ್ಟು, ಒಟ್ಟಿಗಿರಲು ಇದ್ದ ಕಾರಣಗಳನ್ನೆಲ್ಲ ತೆಗೆದುಹಾಕಿ, ಆಮೇಲೆ ಮತ್ತೆ ಸ್ಪೆಕ್ಟ್ರಮ್ ತೆಗೆಯಬೇಕು. ಆಗಲೂ ಅವು ಜೊತೆಗಿದ್ದರೆ ಸಿಕ್ಕಿಕೊಂಡಿವೆ ಅಂತ ಅರ್ಥ.

ಈ ಯೋಚನೆ ಹೊಸದಲ್ಲ. ಮೊಟ್ಟಮೊದಲ ಕ್ಯಾಟನೇನ್, ಅಂದರೆ ಸರಪಳಿಯ ಎರಡು ಕೊಂಡಿಗಳ ಹಾಗೆ ಒಂದರೊಳಗೊಂದು ಸೇರಿದ ಎರಡು ಉಂಗುರಗಳ ಅಣು, ಸಾಬೀತಾದದ್ದೇ ಹೀಗೆ. 1960ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಎಡೆಲ್ ವಾಸರ್‌ಮನ್ ಮಾಡಿದ ಕೆಲಸ ಅದು. ಅವರು 34 ಇಂಗಾಲಗಳ ಒಂದು ದೊಡ್ಡ ಹೈಡ್ರೋಕಾರ್ಬನ್ ಉಂಗುರ ತೆಗೆದುಕೊಂಡರು. ಅದರ ಕೆಲವು ಹೈಡ್ರೋಜನ್‌ಗಳ ಜಾಗದಲ್ಲಿ ಡ್ಯೂಟೀರಿಯಂ, ಅಂದರೆ ಭಾರದ ಹೈಡ್ರೋಜನ್, ಇತ್ತು. ಆ ಉಂಗುರಗಳ ನಡುವೆ, ಅದೇ ಫ್ಲಾಸ್ಕ್‌ನಲ್ಲಿ, ಇನ್ನೊಂದು ಉದ್ದ ಸರಪಳಿಯ ಎರಡು ತುದಿಗಳನ್ನು ಕೂಡಿಸಿ ಎರಡನೇ ಉಂಗುರ ಮಾಡಿದರು. ಸರಪಳಿ ಅಕಸ್ಮಾತ್ ಮೊದಲ ಉಂಗುರದಲ್ಲಿ ತೂರಿಕೊಂಡಿದ್ದಾಗಲೇ ತುದಿಗಳು ಕೂಡಿದರೆ ಕೊಂಡಿ ಬಿತ್ತು, ಇಲ್ಲದಿದ್ದರೆ ಇಲ್ಲ. ಸಿಕ್ಕಿದ್ದು ಶೇಕಡಾ 1ಕ್ಕೂ ಕಡಿಮೆ.

ಅಷ್ಟು ಕಡಿಮೆ ಸಿಕ್ಕಿದ್ದನ್ನು ಗುರುತಿಸೋದು ಹೇಗೆ? ಇಲ್ಲಿ ಡ್ಯೂಟೀರಿಯಂ ಕೆಲಸಕ್ಕೆ ಬಂತು. ಮಾಮೂಲಿ ಇಂಗಾಲ-ಹೈಡ್ರೋಜನ್ ಬಂಧ ಐಆರ್‌ನಲ್ಲಿ 2900ರ ಆಸುಪಾಸಿನಲ್ಲಿ ಹೀರುತ್ತದೆ. ಡ್ಯೂಟೀರಿಯಂನ ತೂಕ ಎರಡು ಪಟ್ಟು, ಹಾಗಾಗಿ ಆ ಬಂಧ ನಿಧಾನವಾಗಿ ಕಂಪಿಸುತ್ತದೆ, ಪೀಕ್ 2100ರಿಂದ 2200ರ ನಡುವೆ ಬೀಳುತ್ತದೆ. ಆ ಜಾಗ ಐಆರ್‌ನಲ್ಲಿ ಹೆಚ್ಚುಕಡಿಮೆ ಖಾಲಿ ಬಯಲು. ಅಲ್ಲಿ ಸಣ್ಣ ಪೀಕ್ ಎದ್ದರೂ ಕಣ್ಣಿಗೆ ಬೀಳುತ್ತದೆ. ವಾಸರ್‌ಮನ್ ಮಿಶ್ರಣವನ್ನು ಕಾಲಂಗೆ, ಅಂದರೆ ಅಂಟಿಕೊಳ್ಳುವ ಗುಣ ನೋಡಿ ಅಣುಗಳನ್ನು ಬೇರ್ಪಡಿಸುವ ಕೊಳವೆಗೆ, ಹಾಕಿದರು. ಬರೀ ಹೈಡ್ರೋಕಾರ್ಬನ್ ಉಂಗುರ ಕಾಲಂನಲ್ಲಿ ನಿಲ್ಲೋದೇ ಇಲ್ಲ, ಸರ್ರನೆ ಇಳಿದುಹೋಗುತ್ತದೆ. ಎರಡನೇ ಉಂಗುರದಲ್ಲಿ ಕೀಟೋನ್, ಆಲ್ಕೊಹಾಲ್ ಎರಡೂ ಇದ್ದುದರಿಂದ ಅದು ಅಂಟಿಕೊಂಡು ಉಳಿಯಿತು. ಹೀಗೆ ಉಳಿದದ್ದನ್ನು ಇಳಿಸಿಕೊಂಡು ಐಆರ್ ತೆಗೆದರೆ ಡ್ಯೂಟೀರಿಯಂ ಪೀಕ್ ಅಲ್ಲೇ ಇತ್ತು! ಇಳಿದುಹೋಗಬೇಕಾಗಿದ್ದ ಉಂಗುರ ಯಾಕೆ ಉಳಿಯಿತು? ಸಿಕ್ಕಿಕೊಂಡಿದ್ದರಿಂದ ಉಳಿಯಿತು. ಅಷ್ಟಕ್ಕೇ ಅವರು ನಿಲ್ಲಿಸಲಿಲ್ಲ. ಎರಡನೇ ಉಂಗುರವನ್ನು ರಾಸಾಯನಿಕವಾಗಿ ಕತ್ತರಿಸಿದರು. ಕತ್ತರಿಸಿದ ಮೇಲೆ ಡ್ಯೂಟೀರಿಯಂ ಉಂಗುರ ಬಿಡುಗಡೆಯಾಗಿ ಕೈಗೆ ಸಿಕ್ಕಿತು. ನನಗೆ ಈ ಪ್ರಯೋಗ ಇವತ್ತಿಗೂ ಅಚ್ಚುಮೆಚ್ಚು. ಕಂಪ್ಯೂಟರ್ ಇಲ್ಲ, ದೊಡ್ಡ ಮ್ಯಾಗ್ನೆಟ್ ಇಲ್ಲ. ಒಂದು ಐಆರ್ ಪೀಕ್, ಒಂದು ಕಾಲಂ, ಒಂದು ಕತ್ತರಿ.

1983ರಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಜಾನ್-ಪಿಯೆರ್ ಸೊವಾಜ್ ಅದೃಷ್ಟದ ಆಟಕ್ಕೆ ಕೊನೆ ಹಾಡಿದರು. ತಾಮ್ರದ ಅಯಾನು, ಲೋಹವನ್ನು ಹಿಡಿಯುವ ಫಿನಾಂತ್ರೊಲಿನ್ ಅನ್ನುವ ಗುಂಪು ಇರುವ ಎರಡು ಭಾಗಗಳನ್ನು ಒಂದಕ್ಕೊಂದು ಅಡ್ಡಡ್ಡ ಹಿಡಿದುಕೊಳ್ಳುತ್ತದೆ. ಒಂದು ಭಾಗ ಆಗಲೇ ಉಂಗುರ, ಇನ್ನೊಂದನ್ನು ಆಮೇಲೆ ಮುಚ್ಚಿದರು. ಇಳುವರಿ ಶೇಕಡಾ 42ಕ್ಕೆ ಏರಿತು. ಈ ತಾಮ್ರದ ಸಂಕೀರ್ಣಕ್ಕೆ ಕಡು ಕೆಂಪು ಬಣ್ಣ. ತಾಮ್ರದಿಂದ ಫಿನಾಂತ್ರೊಲಿನ್‌ಗೆ ಎಲೆಕ್ಟ್ರಾನ್ ಜಿಗಿಯುವಾಗ ಹೀರುವ ಬೆಳಕು ಅದಕ್ಕೆ ಕಾರಣ. ಸಯನೈಡ್ ಹಾಕಿದರೆ ತಾಮ್ರ ಹೊರಟುಹೋಗುತ್ತದೆ, ಕೆಂಪು ಬಣ್ಣವೂ ಹೋಗುತ್ತದೆ. ಹಿಡಿದುಕೊಂಡಿದ್ದ ಕೈ ಬಿಟ್ಟಿತು ಅನ್ನುವುದಕ್ಕೆ ಯುವಿ-ವಿಸಿಬಲ್ ಸಾಕ್ಷಿ. ಆದರೂ ಎರಡು ಉಂಗುರ ಬೇರೆಯಾಗಲ್ಲ. ಒಟ್ಟಿಗಿರಲು ಇದ್ದ ಕಾರಣ ತೆಗೆದುಹಾಕು ಅಂದೆನಲ್ಲ, ಅದು ಇಲ್ಲಿ ಕಣ್ಣೆದುರೇ ನಡೆಯುತ್ತದೆ. 2016ರ ರಸಾಯನಶಾಸ್ತ್ರದ ನೊಬೆಲ್ ಹಂಚಿಕೊಂಡ ಮೂವರಲ್ಲಿ ಸೊವಾಜ್ ಒಬ್ಬರು. ಫ್ರೇಜರ್ ಸ್ಟಾಡರ್ಟ್, ಬೆನ್ ಫೆರಿಂಗಾ ಇನ್ನಿಬ್ಬರು.

ಈಗ ನಿಮ್ಮ ಟ್ಯೂಬ್‌ಗೆ ಬರೋಣ. ನಿಮ್ಮ ಎನ್‌ಎಂಆರ್‌ನಲ್ಲಿ ಮೂರು ಬಗೆಯ ಪೀಕ್ ಇರಬೇಕು: ಖಾಲಿ ಉಂಗುರದ್ದು, ಒಂಟಿ ಲವಣದ್ದು, ಎರಡೂ ಸೇರಿದ್ದರದ್ದು. ನೈಟ್ರೋಜನ್ ಪಕ್ಕದ ಸಿಎಚ್2 ನೋಡಿ. ಒಂಟಿಯಾಗಿದ್ದಾಗ 4.2 ಪಿಪಿಎಂ ಹತ್ತಿರ ಇದ್ದದ್ದು, ಉಂಗುರದೊಳಗೆ ಹೋದ ಮೇಲೆ 4.7ರ ಹತ್ತಿರಕ್ಕೆ ಸರಿದಿರುತ್ತದೆ. ಕ್ರೌನ್‌ನ ಆಕ್ಸಿಜನ್‌ಗಳು ಆ ಹೈಡ್ರೋಜನ್‌ಗಳನ್ನು ಎಳೆದು ಹಿಡಿದದ್ದರ ಗುರುತು ಅದು. ಮೂರೂ ಬೇರೆಬೇರೆಯಾಗಿ ಕಾಣುತ್ತಿವೆ ಅಂದರೆ ಒಳಗೆ-ಹೊರಗೆ ಓಡಾಟ ಎನ್‌ಎಂಆರ್‌ನ ಲೆಕ್ಕದಲ್ಲಿ ನಿಧಾನ. ನಿಧಾನ, ಅಷ್ಟೇ. ನಿಂತಿಲ್ಲ.

ಒಂದು ಸುಲಭದ ಪರೀಕ್ಷೆ ಹೇಳುತ್ತೇನೆ, ದುಡ್ಡೂ ಖರ್ಚಿಲ್ಲ. ಅದೇ ಟ್ಯೂಬಿನ ದ್ರಾವಣವನ್ನು ಅಸಿಟೊನೈಟ್ರೈಲ್‌ನಿಂದಲೇ ಹತ್ತು ಪಟ್ಟು ತೆಳುವು ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಸ್ಪೆಕ್ಟ್ರಮ್ ತೆಗೆಯಿರಿ. ಸೇರಿದ್ದರ ಪೀಕ್ ಚಿಕ್ಕದಾಗಿ, ಒಂಟಿಯವು ದೊಡ್ಡದಾಗುತ್ತವೆ. ತೆಳುವಾದಷ್ಟೂ ಜೋಡಿಗಳು ಒಡೆಯುತ್ತವೆ. ನಿಜವಾದ ರೊಟಾಕ್ಸೇನ್‌ನಲ್ಲಿ ಎಷ್ಟೇ ತೆಳುವು ಮಾಡಿದರೂ ಅನುಪಾತ ಕದಲಲ್ಲ. ಇನ್ನೊಂದು ಪರೀಕ್ಷೆ: ಅಸಿಟೊನೈಟ್ರೈಲ್ ಪೂರ್ತಿ ಒಣಗಿಸಿ, ಉಳಿದದ್ದನ್ನು ಡಿಎಂಎಸ್ಒ ಅನ್ನುವ ದ್ರಾವಕದಲ್ಲಿ ಕರಗಿಸಿ. ಡಿಎಂಎಸ್ಒ ಹೈಡ್ರೋಜನ್ ಬಂಧಗಳನ್ನು ತಾನೇ ಕಿತ್ತುಕೊಳ್ಳುತ್ತದೆ. ನಿಮ್ಮದು ಪೂರ್ತಿ ಬಿಚ್ಚಿಹೋಗಿ ಉಂಗುರ, ಲವಣ ಎರಡರ ಒಂಟಿ ಪೀಕ್‌ಗಳು ಮಾತ್ರ ಉಳಿಯುತ್ತವೆ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಸಂಶೋಧನೆಗೆ ಸೇರಿದ ಹೊಸದರಲ್ಲಿ ನನಗೂ ಹೀಗೇ ಆಗಿತ್ತು. ಮಾಸ್ ಸರಿ, ಇಂಟಿಗ್ರೇಷನ್ (ಪೀಕ್‌ಗಳ ವಿಸ್ತೀರ್ಣದ ಲೆಕ್ಕ) ಸರಿ, ಕ್ಲೋರೋಫಾರ್ಮ್‌ನಲ್ಲಿ ಸ್ಪೆಕ್ಟ್ರಮ್ ಕನ್ನಡಿಯಷ್ಟು ಸ್ವಚ್ಛ. ಮೂರು ವಾರ ಅದೇ ಸ್ಯಾಂಪಲ್ ಮೇಲೆ ಕೆಲಸ ಮಾಡಿದೆ. ಕೊನೆಗೊಂದು ದಿನ ಡಿಎಂಎಸ್ಒನಲ್ಲಿ ಹಾಕಿ ನೋಡಿದರೆ ಹತ್ತೇ ನಿಮಿಷದಲ್ಲಿ ಉಂಗುರ ಬೇರೆ, ದಾರ ಬೇರೆ. ತುದಿಯ ಗುಂಪು ಸಾಕಷ್ಟು ದಪ್ಪ ಇರಲಿಲ್ಲ. ಆವತ್ತಿನಿಂದ ಡಿಎಂಎಸ್ಒ ಪರೀಕ್ಷೆಯನ್ನು ಮೊದಲ ದಿನವೇ ಮಾಡುತ್ತೇನೆ.

ಮಾಸ್ ಬಗ್ಗೆಯೂ ಒಂದು ಮಾತು. ಅದನ್ನು ಸ್ಪೆಕ್ಟ್ರೋಸ್ಕೋಪಿ ಅನ್ನಬೇಕೋ ಬೇಡವೋ ಅಂತ ವಾದ ಮಾಡುವವರಿದ್ದಾರೆ, ಅದು ಬಿಡಿ. ನಿಮ್ಮ 646ರ ಪೀಕ್ ಒಂದರಿಂದ ಏನೂ ಸಾಬೀತಾಗಲ್ಲ. ಗಾಳಿಯಿಲ್ಲದ ಕೋಣೆಯಲ್ಲಿ ದ್ರಾವಕದ ಅಣುಗಳ ಕಾಟ ಇರಲ್ಲ, ಹಾಗಾಗಿ ಸುಮ್ನೆ ಹೈಡ್ರೋಜನ್ ಬಂಧದಿಂದ ಅಂಟಿಕೊಂಡ ಜೋಡಿಯೂ ಆರಾಮಾಗಿ ಹಾರಿ ಬರುತ್ತದೆ. ಆದರೆ ಆ ಅಯಾನನ್ನೇ ಆರಿಸಿಕೊಂಡು ಅನಿಲದ ಅಣುಗಳಿಗೆ ಡಿಕ್ಕಿ ಹೊಡೆಸಿ ಒಡೆದರೆ ಕಥೆ ಗೊತ್ತಾಗುತ್ತದೆ. ಬರೀ ಅಂಟಿಕೊಂಡದ್ದು ಮೆಲ್ಲಗೆ ತಟ್ಟಿದರೂ ಬೇರೆಯಾಗುತ್ತದೆ. ರೊಟಾಕ್ಸೇನ್‌ನಲ್ಲಿ ಒಂದು ಗಟ್ಟಿ ಬಂಧವೇ ಮುರಿಯಬೇಕು, ಅದಕ್ಕೆ ಜಾಸ್ತಿ ಶಕ್ತಿ ಬೇಕು. ಕ್ಯಾಟನೇನ್‌ನಲ್ಲಂತೂ ಇದು ಇನ್ನೂ ಚೆಂದ. ಎರಡು ಉಂಗುರಗಳಲ್ಲಿ ಒಂದರ ಒಂದೇ ಬಂಧ ಮುರಿದರೆ ಸಾಕು, ಅದು ದಾರವಾಗಿ ಜಾರಿಹೋಗುತ್ತದೆ. ಹಾಗಾಗಿ ಎರಡೂ ಉಂಗುರ ಒಂದೇ ತೂಕದವಾದರೆ ಪೂರ್ತಿ ತೂಕದಿಂದ ನೇರ ಅರ್ಧ ತೂಕಕ್ಕೆ ಬೀಳುತ್ತದೆ, ನಡುವೆ ಹೆಚ್ಚುಕಡಿಮೆ ಏನೂ ಇರಲ್ಲ. ಅದೇ ತೂಕದ ಒಂದೇ ದೊಡ್ಡ ಉಂಗುರ ಆಗಿದ್ದರೆ ಮೊದಲ ಬಂಧ ಮುರಿದಾಗ ತೂಕ ಬದಲಾಗಲ್ಲ, ಆಮೇಲೆ ನಡುವಿನ ತೂಕದ ಚೂರುಗಳೆಲ್ಲ ಕಾಣಬೇಕು. ಆ ನಡುವಿನ ಖಾಲಿ ಜಾಗವೇ ಕೊಂಡಿಯ ಗುರುತು.

ಡೋಸಿ ಅನ್ನುವ ಎನ್‌ಎಂಆರ್ ಪ್ರಯೋಗ ಮಾಡಿಸಿ ಅಂತ ಯಾರಾದರೂ ಹೇಳಬಹುದು. ಅಣುಗಳು ದ್ರಾವಣದಲ್ಲಿ ಎಷ್ಟು ವೇಗವಾಗಿ ಹರಡುತ್ತವೆ ಅಂತ ಅದು ಅಳೆಯುತ್ತದೆ. ಉಂಗುರ, ದಾರ ಎರಡೂ ಒಂದೇ ವೇಗದಲ್ಲಿ ಚಲಿಸಿದರೆ ಜೊತೆಗಿವೆ ಅಂತ ಅರ್ಥ. ಒಳ್ಳೆಯದೇ, ಆದರೆ ಡಿಎಂಎಸ್ಒನಲ್ಲಿ ಮಾಡಿಸಿ. ಅಸಿಟೊನೈಟ್ರೈಲ್‌ನಲ್ಲಿ ಮಾಡಿದರೆ ಸುಮ್ನೆ ಅಂಟಿಕೊಂಡ ಜೋಡಿಯೂ ಪಾಸಾಗುತ್ತದೆ. ಉಂಗುರ ದಾರದ ಯಾವ ಭಾಗದ ಮೇಲೆ ಕೂತಿದೆ ಅಂತ ಬೇಕಿದ್ದರೆ ನೊಯೆಸಿ ಅಥವಾ ರೊಯೆಸಿ ಅನ್ನುವ ಎನ್‌ಎಂಆರ್ ಪ್ರಯೋಗ ಮಾಡಿಸಿ. ಸುಮಾರು 5 ಆಂಗ್‌ಸ್ಟ್ರಾಂ ಒಳಗಿರುವ ಪ್ರೋಟಾನ್ ಜೋಡಿಗಳು ಮಾತ್ರ ಅದರಲ್ಲಿ ಕಾಣುತ್ತವೆ. ದೂರದ 6ನೇ ಘಾತದಲ್ಲಿ ಸಿಗ್ನಲ್ ಕುಸಿಯುವುದರಿಂದ ದೂರ ಎರಡು ಪಟ್ಟಾದರೆ ಸಿಗ್ನಲ್ 64ರಲ್ಲಿ ಒಂದು ಭಾಗ. ನಿಮ್ಮಂಥ ಮಧ್ಯಮ ಗಾತ್ರದ ಅಣುಗಳಿಗೆ ನೊಯೆಸಿ ಸಿಗ್ನಲ್ ಸೊನ್ನೆಯಾಗಿಬಿಡುವ ಅಪಾಯ ಇದೆ, ಅಂಥಲ್ಲಿ ರೊಯೆಸಿಯೇ ಸರಿ. ಪೀಕ್ ಬಂದಿಲ್ಲ ಅಂದರೆ ಹತ್ತಿರ ಇಲ್ಲ ಅಂತ ತೀರ್ಮಾನಿಸುವ ಮೊದಲು ಇದನ್ನು ನೆನಪಿಡಿ.

ಇನ್ನು ಓಡಾಟದ ವಿಷಯ. 1991ರಲ್ಲಿ ಸ್ಟಾಡರ್ಟ್ ಗುಂಪು ಒಂದೇ ಥರದ ಎರಡು ನಿಲ್ದಾಣಗಳಿರುವ, ಅಂದರೆ ಉಂಗುರ ಕೂರಲು ಇಷ್ಟಪಡುವ ಎರಡು ಜಾಗಗಳಿರುವ, ದಾರಕ್ಕೆ ಒಂದು ಉಂಗುರ ಪೋಣಿಸಿ, ತುದಿ ಕಟ್ಟಿ, ಅದಕ್ಕೆ ಮಾಲಿಕ್ಯುಲರ್ ಶಟಲ್ ಅಂತ ಹೆಸರಿಟ್ಟಿತು. ಶಟಲ್ ಅಂದರೆ ನಮ್ಮ ಮಗ್ಗದ ಲಾಳಿ. ಉಂಗುರ ಲಾಳಿಯ ಹಾಗೆ ಆ ಕಡೆ ಈ ಕಡೆ ಓಡುತ್ತದೆ. ಯಾರೂ ಓಡಿಸಬೇಕಿಲ್ಲ, ಕೋಣೆಯ ಶಾಖವೇ ಸಾಕು. ಇದನ್ನು ಎನ್‌ಎಂಆರ್‌ನಲ್ಲಿ ನೋಡುವುದು ಉಷ್ಣತೆ ಬದಲಿಸಿ. ತಣ್ಣಗೆ ಮಾಡಿದರೆ ಓಟ ನಿಧಾನವಾಗಿ, ಉಂಗುರ ಇರುವ ನಿಲ್ದಾಣಕ್ಕೊಂದು, ಖಾಲಿ ನಿಲ್ದಾಣಕ್ಕೊಂದು ಬೇರೆ ಪೀಕ್ ಕಾಣುತ್ತದೆ. ಬಿಸಿ ಏರಿಸುತ್ತಾ ಹೋದರೆ ಎರಡೂ ದಪ್ಪಗಾಗುತ್ತವೆ, ಒಂದರ ಕಡೆ ಒಂದು ಸರಿಯುತ್ತವೆ, ಒಂದು ಹಂತದಲ್ಲಿ ಕೂಡಿ ಅಗಲವಾದ ದಿಬ್ಬದಂತಾಗುತ್ತವೆ. ಇನ್ನೂ ಬಿಸಿ ಮಾಡಿದರೆ ನಡುವೆ ಒಂದೇ ಚೂಪು ಪೀಕ್. ಉಪಕರಣದ ಮುಂದೆ ಕೂತು ಐದೈದು ಡಿಗ್ರಿ ಏರಿಸುತ್ತಾ, ಪ್ರತಿ ಸಲ ಉಷ್ಣತೆ ನಿಲ್ಲುವ ತನಕ ಕಾದು, ಆ ದಿಬ್ಬ ಏಳುವುದನ್ನು ಒಮ್ಮೆ ನೀವೇ ನೋಡಬೇಕು. ಅಷ್ಟು ಹೊತ್ತೂ ಕಣ್ಣಿಗೆ ಕಾಣದ ಉಂಗುರದ ವೇಗವನ್ನೇ ನೋಡುತ್ತಿರುತ್ತೀರಿ.

ಲೆಕ್ಕವೂ ಸುಲಭ. 400 ಮೆಗಾಹರ್ಟ್ಜ್ ಉಪಕರಣದಲ್ಲಿ ಎರಡು ಪೀಕ್ ನಡುವೆ 0.5 ಪಿಪಿಎಂ ಅಂತರ ಇದೆ ಅನ್ನಿ. ಅದು 200 ಹರ್ಟ್ಜ್. ಅವು ಕೂಡುವ ಉಷ್ಣತೆಯಲ್ಲಿ ವೇಗ ಅಂದರೆ ಆ ಅಂತರದ 2.22 ಪಟ್ಟು, ಸೆಕೆಂಡಿಗೆ ಸುಮಾರು 444 ಸಲ. ಕೂಡಿದ್ದು 300 ಕೆಲ್ವಿನ್‌ನಲ್ಲಿ ಆದರೆ ದಾಟಬೇಕಾದ ಶಕ್ತಿಯ ಗೋಡೆ ಮೋಲ್‌ಗೆ ಸುಮಾರು 58 ಕಿಲೋಜೌಲ್. ನೆನಪಿರಲಿ, 600 ಮೆಗಾಹರ್ಟ್ಜ್‌ನಲ್ಲಿ ಅದೇ ಸ್ಯಾಂಪಲ್ ಇನ್ನೂ ಜಾಸ್ತಿ ಬಿಸಿಯಲ್ಲಿ ಕೂಡುತ್ತದೆ. ಓಟ ಬದಲಾಗಿಲ್ಲ, ನೋಡುವ ಗಡಿಯಾರ ಬದಲಾಗಿದೆ.

ಈ ಗಡಿಯಾರದ ಮಾತು ಮುಖ್ಯ. ಸೆಕೆಂಡಿಗೆ ಒಂದೆರಡು ಸಲದಿಂದ ಕೆಲವು ಸಾವಿರ ಸಲದವರೆಗಿನ ಓಟಕ್ಕೆ ಎನ್‌ಎಂಆರ್ ಹೇಳಿ ಮಾಡಿಸಿದ್ದು. ಅದಕ್ಕಿಂತ ವೇಗ ಜಾಸ್ತಿಯಾದರೆ ಅದಕ್ಕೆ ಕಾಣುವುದು ಸರಾಸರಿ ಮಾತ್ರ. ಬೆಳಕು ಹೀರುವ ಕ್ರಿಯೆ ಅದಕ್ಕಿಂತ ಕೋಟಿಗಟ್ಟಲೆ ಪಟ್ಟು ಬೇಗ ಮುಗಿಯುತ್ತದೆ. ಹಾಗಾಗಿ ಯುವಿ ಮತ್ತು ಐಆರ್‌ನಲ್ಲಿ ಪೀಕ್‌ಗಳು ಕೂಡಿಹೋಗುವ ಪ್ರಶ್ನೆಯೇ ಇಲ್ಲ, ಆ ಕ್ಷಣದಲ್ಲಿ ಉಂಗುರ ಎಲ್ಲಿದೆಯೋ ಅದೇ ಕಾಣುತ್ತದೆ.

ಕೆಲವು ಅಣುಗಳಲ್ಲಿ ಇದು ಬರಿಗಣ್ಣಿಗೂ ಕಾಣುತ್ತದೆ. ಸ್ಟಾಡರ್ಟ್ ಗುಂಪಿನ 'ನೀಲಿ ಪೆಟ್ಟಿಗೆ' ಅನ್ನುವ ಉಂಗುರಕ್ಕೆ ಎಲೆಕ್ಟ್ರಾನ್ ಆಸೆ ಜಾಸ್ತಿ. ಅದು ಎಲೆಕ್ಟ್ರಾನ್ ಸುಲಭವಾಗಿ ಕೊಡುವ ಟೆಟ್ರಾಥಯಾಫಲ್ವಲೀನ್ ಅನ್ನುವ ನಿಲ್ದಾಣದ ಮೇಲೆ ಕೂತಾಗ 840 ನ್ಯಾನೋಮೀಟರ್ ಸುತ್ತ ಹೀರುತ್ತದೆ, ದ್ರಾವಣ ಹಸಿರು. ನ್ಯಾಫ್ತಲೀನ್ ನಿಲ್ದಾಣಕ್ಕೆ ಹೋದಾಗ 530ರ ಸುತ್ತ, ದ್ರಾವಣ ಕೆಂಪು. ಟೆಟ್ರಾಥಯಾಫಲ್ವಲೀನ್‌ನಿಂದ ಎಲೆಕ್ಟ್ರಾನ್ ಕಿತ್ತರೆ ಅದಕ್ಕೂ ಧನ ಆವೇಶ, ಉಂಗುರಕ್ಕೂ ಧನ ಆವೇಶ. ಒಂದನ್ನೊಂದು ತಳ್ಳಿ, ಉಂಗುರ ನ್ಯಾಫ್ತಲೀನ್ ಕಡೆಗೆ ಓಡುತ್ತದೆ. ಇಲ್ಲೊಂದು ಎಚ್ಚರ ಬೇಕು. ಎಲೆಕ್ಟ್ರಾನ್ ಕಳೆದುಕೊಂಡ ಟೆಟ್ರಾಥಯಾಫಲ್ವಲೀನ್ ತಾನೂ ಬಣ್ಣ ಕೊಡುತ್ತದೆ, 440 ಮತ್ತು 590ರ ಹತ್ತಿರ. ಬಣ್ಣ ಬದಲಾಯಿತು ಅಂದ ಮಾತ್ರಕ್ಕೆ ಉಂಗುರ ಓಡಿತು ಅನ್ನಬೇಡಿ. ಉಂಗುರವೇ ಇಲ್ಲದ ಬರೀ ದಾರದ ಮೇಲೂ ಅದೇ ಪ್ರಯೋಗ ಮಾಡಿ, ಎರಡನ್ನೂ ಪಕ್ಕದಲ್ಲಿಟ್ಟು ನೋಡಬೇಕು.

ಲೇಸರ್ ಬಂದ ಮೇಲೆ ಒಂದೇ ಒಂದು ಓಟವನ್ನೂ ಅಳೆಯುವಂತಾಯಿತು. 2001ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಫ್ರೆಡ್ ಬ್ರೌವರ್, ಬ್ರಿಟನ್ನಿನ ಡೇವಿಡ್ ಲೀ ಮತ್ತು ಜೊತೆಗಾರರು ಲೇಸರ್ ಮಿಂಚಿನಿಂದ ಒಂದು ನಿಲ್ದಾಣಕ್ಕೆ ಎಲೆಕ್ಟ್ರಾನ್ ಸೇರುವಂತೆ ಮಾಡಿದರು. ಆ ನಿಲ್ದಾಣ ಉಂಗುರಕ್ಕೆ ತಕ್ಷಣ ಪ್ರಿಯವಾಯಿತು. ಉಂಗುರ ಸುಮಾರು 1 ಮೈಕ್ರೋಸೆಕೆಂಡಿನಲ್ಲಿ ಅಲ್ಲಿಗೆ ಬಂತು. ಬಂದದ್ದು ಗೊತ್ತಾದದ್ದು ಆ ನಿಲ್ದಾಣದ ಹೀರಿಕೆ ಕೆಲವು ನ್ಯಾನೋಮೀಟರ್ ಸರಿದದ್ದರಿಂದ. ಸುಮಾರು 100 ಮೈಕ್ರೋಸೆಕೆಂಡಿನಲ್ಲಿ ಎಲೆಕ್ಟ್ರಾನ್ ಹೊರಟುಹೋಗಿ, ಉಂಗುರ ಮನೆಗೆ ಮರಳಿತು. 2010ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲೇ ಸ್ಯಾಂಡರ್ ವೌಟರ್ಸನ್ ಮತ್ತು ಸಂಗಡಿಗರು ಇದನ್ನೇ ಐಆರ್‌ನಲ್ಲಿ ನೋಡಿದರು. ಹೊರಡುವ ನಿಲ್ದಾಣದಲ್ಲೂ ಸೇರುವ ನಿಲ್ದಾಣದಲ್ಲೂ ಕಾರ್ಬೊನಿಲ್‌ಗಳಿದ್ದವು. ಹೈಡ್ರೋಜನ್ ಬಂಧ ಬಿದ್ದರೆ ಕಾರ್ಬೊನಿಲ್ ಪೀಕ್ ಕೆಳಗಿಳಿಯುತ್ತದೆ, ಬಿಟ್ಟರೆ ಮೇಲೇರುತ್ತದೆ. ಹಾಗಾಗಿ ಹೊರಟದ್ದು, ಸೇರಿದ್ದು ಎರಡನ್ನೂ ಬೇರೆಬೇರೆ ನೋಡಲಾಯಿತು. ನಡುವೆ ಉಂಗುರ ನೆಟ್ಟಗೆ ಓಡಲ್ಲ. ದಾರದ ಮೇಲೆ ಹಿಂದೆ ಮುಂದೆ ತಡಕಾಡುತ್ತಾ ಹೋಗಿ ಗುರಿ ಸಿಕ್ಕಾಗ ನಿಲ್ಲುತ್ತದೆ. 2013ರಲ್ಲಿ ಅದೇ ಸಂಶೋಧಕರು ದ್ರಾವಕಕ್ಕೆ ಸ್ವಲ್ಪ ನೀರು ಸೇರಿಸಿದರೆ ಉಂಗುರ ಇನ್ನೂ ಬೇಗ ಓಡುತ್ತದೆ ಅಂತ ತೋರಿಸಿದರು. ಹೈಡ್ರೋಜನ್ ಬಂಧಗಳ ಬಿಗಿ ಸಡಿಲಿಸುವುದರಲ್ಲಿ ನೀರು ಕೀಲೆಣ್ಣೆಯ ಕೆಲಸ ಮಾಡುತ್ತದೆ.

ನಿಮ್ಮ ಪ್ರಾಜೆಕ್ಟ್‌ಗೆ ಲೇಸರ್ ಏನೂ ಬೇಡ. ಮೊದಲು ತೆಳುವು ಮಾಡುವ ಪರೀಕ್ಷೆ, ಆಮೇಲೆ ಡಿಎಂಎಸ್ಒ. ಎರಡೂ ಸ್ಪೆಕ್ಟ್ರಮ್‌ಗಳನ್ನು ಗೈಡ್‌ಗೆ ತೋರಿಸಿ, ನನ್ನದು ಸ್ಯೂಡೊರೊಟಾಕ್ಸೇನ್ ಅಂತ ನೀವೇ ಹೇಳಿ. ತುದಿ ಕಟ್ಟಲು ಸಮಯ ಉಳಿದಿದ್ದರೆ, ಒಂದು ತುದಿಗೆ ಮೊದಲೇ ದಪ್ಪ ಗುಂಪು ಕೂರಿಸಿದ ಲವಣದಿಂದ ಶುರುಮಾಡಿ. ಉಂಗುರ ಪೋಣಿಸಿ, ಇನ್ನೊಂದು ತುದಿಯನ್ನು ಆಮೇಲೆ ಮುಚ್ಚಿ. ಈ ಕೆಲಸವನ್ನು ಡಿಎಂಎಸ್ಒನಲ್ಲಿ ಮಾಡಲೇಬೇಡಿ, ಅದರಲ್ಲಿ ಉಂಗುರ ಪೋಣಿಸಿಕೊಳ್ಳುವುದೇ ಇಲ್ಲ. ಉಂಗುರ ಹಾಕದೆ ಬರೀ ದಾರಕ್ಕೂ ಎರಡೂ ತುದಿ ಕಟ್ಟಿದ್ದನ್ನು ಸ್ವಲ್ಪ ಮಾಡಿಟ್ಟುಕೊಳ್ಳಿ, ಹೋಲಿಸಲು ಅದು ಬೇಕೇ ಬೇಕು.